ಮಸ್ಸೂರಿಯಲ್ಲಿ ಹುಟ್ಟಿದ ಆಟಗಾರ

1880ನೇ ಇಸವಿ. ಇಂಗ್ಲೆಂಡಿನಲ್ಲಿ ರಾಯಲ್ ಇಂಜಿನಿಯರ್ಸ್ ಮತ್ತು ಸಿವಿಲ್ ಸರ್ವಿಸ್ ತಂಡಗಳ ನಡುವೆ ಕ್ರಿಕೆಟ್ ಪಂದ್ಯ. ಇಂಜಿನಿಯರುಗಳ ಪರವಾಗಿ ಬ್ಯಾಟು ಹಿಡಿದ ಒಬ್ಬ ಸೇನಾಧಿಕಾರಿ 331 ರನ್ ಹೊಡೆದ, ಔಟಾಗಲೇ ಇಲ್ಲ. ಆ ಕಾಲದಲ್ಲಿ ಓವರಿಗೆ ನಾಲ್ಕೇ ಎಸೆತ. ಸಾಕು ಎಂದು ಇನಿಂಗ್ಸ್ ಡಿಕ್ಲೇರ್ ಮಾಡುವ ನಿಯಮವೂ ಇನ್ನೂ ಬಂದಿರಲಿಲ್ಲ. ಎದುರಾಳಿಗಳು ಚೆಂಡಿನ ಹಿಂದೆ ಎಷ್ಟು ಓಡಿದರೋ!

ಆತನ ಹೆಸರು ಹೆನ್ರಿ ವಾ ರೆನ್ನಿ-ಟೇಲ್ಯೂರ್. ಸ್ಕಾಟ್ಲೆಂಡಿನ ಮನೆತನ, ಆದರೆ ಹುಟ್ಟಿದ್ದು 1849ರ ಅಕ್ಟೋಬರಿನಲ್ಲಿ, ನಮ್ಮ ಮಸ್ಸೂರಿಯಲ್ಲಿ. ತಂದೆ ಥಾಮಸ್ ಬೆಂಗಾಲ್ ಇಂಜಿನಿಯರ್ಸ್‌ನ ಅಧಿಕಾರಿ. ಹಿಂದೂಸ್ತಾನದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ದುಡಿದವನು. ಆಗ ಸರ್ವೆಯ ಮುಖ್ಯಸ್ಥ ಆಂಡ್ರ್ಯೂ ವಾ. ಮಗುವಿನ ಹೆಸರಿನ ನಡುವೆ ‘ವಾ’ ಹೇಗೆ ಬಂದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಈ ಸರ್ವೆಗೆ ನಮ್ಮ ನೆಲದ ನಂಟೂ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಾಳಿ ಮಾಡಿದ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷವೇ ಬೆಂಗಳೂರಿನ ಬಳಿ ನೆಲಕ್ಕೆ ಸರಪಳಿ ಹಾಸಿ ಅಳತೆ ಶುರು ಮಾಡಿದ. ಗೆದ್ದ ನೆಲವನ್ನು ಅಳೆಯಬೇಕಲ್ಲ! ಅಲ್ಲಿಂದ ಹಿಮಾಲಯದವರೆಗೆ ಸರಪಳಿ, ಬಾವುಟ, ಭಾರವಾದ ಯಂತ್ರಗಳನ್ನು ಹೊತ್ತವರು ಇಲ್ಲಿನ ಖಲಾಸಿಗಳು. ತರಾಯಿಯ ಕಾಡುಗಳಲ್ಲಿ ಜ್ವರಕ್ಕೆ ಸಿಕ್ಕಿ ಸತ್ತವರು ಅನೇಕ. ಅವರ ಹೆಸರುಗಳು ದಫ್ತರಗಳಲ್ಲಿ ಸಿಗುವುದು ಅಪರೂಪ. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನರ ಹೆಸರು ಉಳಿದದ್ದು, ಕೋನ ಅಳೆಯುವ ಥಿಯೋಡೊಲೈಟ್ ಯಂತ್ರವನ್ನು ಬಿಚ್ಚಿ ಸರಿಪಡಿಸಲು ಅವರಷ್ಟು ಬಲ್ಲವರು ಬೇರೆ ಇಲ್ಲದ್ದರಿಂದ. ಸ್ವತಃ ಜಾರ್ಜ್ ಎವರೆಸ್ಟ್ ಅವರನ್ನೇ ನೆಚ್ಚಿಕೊಂಡಿದ್ದ.

ಇಂಥ ಸರ್ವೆಯ ಮನೆಯಲ್ಲಿ ಹುಟ್ಟಿದ ಹೆನ್ರಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಓದಿ, 1870ರಲ್ಲಿ ರಾಯಲ್ ಇಂಜಿನಿಯರ್ಸ್ ಸೇರಿದ. ತರಬೇತಿಯ ಕೇಂದ್ರ ಕೆಂಟ್ ಸೀಮೆಯ ಚಾಥಮ್. ಕಂದಕ ತೋಡುವುದು, ಸೇತುವೆ ಕಟ್ಟುವುದು, ಸಿಡಿಮದ್ದು ಹೂಡುವುದು ಇಲ್ಲಿನ ಪಾಠಗಳು. ಯಾವುದೂ ಒಬ್ಬನಿಂದ ಆಗುವ ಕೆಲಸವಲ್ಲ. ಚೆಂಡು ಸಿಕ್ಕವನು ಒಬ್ಬನೇ ಅದನ್ನು ಮುಂದೊಯ್ಯುವುದೇ ಫುಟ್‌ಬಾಲ್ ಎನ್ನುವ ಕಾಲದಲ್ಲಿ ಈ ಇಂಜಿನಿಯರುಗಳು ಚೆಂಡನ್ನು ಒಬ್ಬರಿಗೊಬ್ಬರು ದಾಟಿಸಿ ಆಡಿ ಹೆಸರಾದರು. ಕೆಲಸದ ಅಭ್ಯಾಸ ಆಟಕ್ಕೂ ಬಂತೆಂದು ನನಗನ್ನಿಸುತ್ತದೆ.

1872ರ ಫೆಬ್ರವರಿಯಲ್ಲಿ ಹೆನ್ರಿ ಲಂಡನ್ನಿನ ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡಿನ ಪರ ರಗ್ಬಿ ಆಡಿದ. ಆರು ವಾರ ಕಳೆಯುವುದರೊಳಗೆ ಅದೇ ಮೈದಾನದಲ್ಲಿ ಎಫ್.ಎ. ಕಪ್‌ನ ಮೊತ್ತಮೊದಲ ಫೈನಲ್. ಇಂಜಿನಿಯರುಗಳ ಪೈಕಿ ಎಡ್ಮಂಡ್ ಕ್ರೆಸ್‌ವೆಲ್ ಎಂಬವನ ಕತ್ತಿನೆಲುಬು ಆರಂಭದಲ್ಲೇ ಮುರಿಯಿತು. ಆದರೂ ಆತ ಮೈದಾನ ಬಿಡಲಿಲ್ಲ. ತಂಡ ಒಂದು ಗೋಲಿನಿಂದ ಸೋತಿತು. ಮರುವರ್ಷ ಮಾರ್ಚ್ 8ರಂದು ಹೆನ್ರಿ ಸ್ಕಾಟ್ಲೆಂಡಿನ ಫುಟ್‌ಬಾಲ್ ತಂಡದಲ್ಲಿದ್ದ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಆ ದೇಶದ ಪ್ರಥಮ ಗೋಲು ಹೊಡೆದವನು ಮಸ್ಸೂರಿಯ ಈ ಹುಡುಗನೇ. ಎರಡೂ ಆಟಗಳಲ್ಲಿ ಸ್ಕಾಟ್ಲೆಂಡಿಗಾಗಿ ಆಡಿದವನು ಅವನೊಬ್ಬನೇ. 1875ರಲ್ಲಿ ಇಂಜಿನಿಯರುಗಳು ಕಪ್ ಗೆದ್ದಾಗಲೂ ತಂಡದಲ್ಲಿದ್ದ.

ಕ್ರಿಕೆಟ್ ಇನ್ನೂ ದೀರ್ಘ ಕಾಲದ ನಂಟು. 1873ರಿಂದ 1883ರವರೆಗೆ, ರಜೆ ಸಿಕ್ಕಾಗಲೆಲ್ಲ, ಕೆಂಟ್ ತಂಡಕ್ಕೆ ಆಡಿದ. ಸೇನಾಧಿಕಾರಿ ಆಟದಲ್ಲಿ ‘ಜಂಟಲ್‌ಮನ್’, ಆಡಿದ್ದಕ್ಕೆ ಸಂಬಳವಿಲ್ಲ. ಕೂಲಿಗೆ ಆಡುವವರು ‘ಪ್ಲೇಯರ್ಸ್’. ಅವರ ಕೋಣೆಯೇ ಬೇರೆ. ಜಾತಿ ನಮ್ಮಲ್ಲಿ ಮಾತ್ರ ಇದೆ ಎನ್ನುವವರು ಆ ಕಾಲದ ಇಂಗ್ಲಿಷ್ ಕ್ರಿಕೆಟ್ ಮೈದಾನವನ್ನು ನೋಡಬೇಕಿತ್ತು. ಸಾಮ್ರಾಜ್ಯವು ತನ್ನ ಅಧಿಕಾರಿಗೆ ದಿನವಿಡೀ ಬ್ಯಾಟು ಬೀಸುವ ಬಿಡುವು ಕೊಟ್ಟಿತ್ತು, ಅವನ ರನ್‌ಗಳನ್ನು ಒಂದೊಂದಾಗಿ ಎಣಿಸಿಯೂ ಇಟ್ಟಿತು. ಅವನ ತಂದೆಯ ಸರ್ವೆಯಲ್ಲಿ ಸರಪಳಿ ಹೊತ್ತವರ ದಿನಗಳನ್ನು ಅಷ್ಟು ಜತನದಿಂದ ಎಣಿಸಿದವರಿಲ್ಲ. ಇದು ಹೆನ್ರಿಯ ತಪ್ಪಲ್ಲ. ಆದರೆ 331ರ ಮುಂದೆ ನಿಂತಾಗ ನನಗೆ ನೆನಪಾಗುವವರು ಅವರು.

ಕರ್ನಲ್ ಆಗಿ 1899ರಲ್ಲಿ ಸೈನ್ಯದಿಂದ ನಿವೃತ್ತನಾದ ಹೆನ್ರಿ ಐರ್ಲೆಂಡಿನ ಡಬ್ಲಿನ್‌ಗೆ ಹೋಗಿ ಗಿನ್ನೆಸ್ ಎಂಬ ಬಿಯರ್ ಕಂಪನಿ ಸೇರಿದ, ಕೊನೆಗೆ ಅದರ ವ್ಯವಸ್ಥಾಪಕ ನಿರ್ದೇಶಕನೂ ಆದ. ತೀರಿಕೊಂಡದ್ದು 1920ರ ಜೂನಿನಲ್ಲಿ, ಸ್ಕಾಟ್ಲೆಂಡಿನ ಮಾಂಟ್ರೋಸ್ ಬಳಿಯ ತನ್ನ ಮನೆತನದ ಊರಿನಲ್ಲಿ.