ಸರಾಸರಿ ಗಾಳಿಗೆ ಕಟ್ಟಿದ ಗೋಪುರಗಳು

1965ರ ನವೆಂಬರ್ 1, ಸೋಮವಾರ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಕಟ್ಟುತ್ತಿದ್ದ ಫೆರಿಬ್ರಿಡ್ಜ್ ‘ಸಿ’ ವಿದ್ಯುತ್ ಸ್ಥಾವರದ ಎಂಟು ಕೂಲಿಂಗ್ ಟವರ್‌ಗಳಲ್ಲಿ ಮೂರು, ಬಿರುಗಾಳಿಗೆ ಸಿಕ್ಕಿ ಸುಮಾರು ಒಂದು ಗಂಟೆಯೊಳಗೆ ಕುಸಿದುಬಿದ್ದವು. ಯಾರೂ ಸಾಯಲಿಲ್ಲ. ವಿಚಿತ್ರವೆಂದರೆ, ಗಾಳಿಗೆ ಎದೆಯೊಡ್ಡಿದ್ದ ಮುಂದಿನ ಸಾಲಿನ ಗೋಪುರಗಳು ನಿಂತೇ ಇದ್ದವು. ಬಿದ್ದದ್ದು ಅವುಗಳ ಮರೆಯಲ್ಲಿದ್ದ ಹಿಂದಿನ ಸಾಲಿನವು.

ಈ ಗೋಪುರಗಳ ಎತ್ತರ ಸುಮಾರು 115 ಮೀಟರ್, ಗೋಡೆಯ ದಪ್ಪ ಸುಮಾರು 5 ಇಂಚು ಮಾತ್ರ. ಗಾತ್ರಕ್ಕೆ ಹೋಲಿಸಿದರೆ ಕೋಳಿಮೊಟ್ಟೆಯ ಸಿಪ್ಪೆಯೇ ಇದಕ್ಕಿಂತ ದಪ್ಪ. ಹಾಗೆಂದು ಇವನ್ನು ಪರೀಕ್ಷೆಯಿಲ್ಲದೆ ಕಟ್ಟಿದ್ದರು ಎಂದಲ್ಲ. ವಿನ್ಯಾಸದ ಲೆಕ್ಕಕ್ಕೆ ಗಾಳಿಸುರಂಗದ ಅಳತೆಗಳೇ ಆಧಾರವಾಗಿದ್ದವು. ಆದರೆ ಸುರಂಗದೊಳಗೆ ಇಟ್ಟಿದ್ದು ಒಂಟಿ ಗೋಪುರದ ಮಾದರಿಯನ್ನು. ನಿಜದಲ್ಲಿ ಎಂಟು ಗೋಪುರಗಳು ಎರಡು ಸಾಲಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಮುಂದಿನವುಗಳ ನಡುವೆ ನುಗ್ಗಿದ ಗಾಳಿ ಸುಳಿಸುಳಿಯಾಗಿ ಹಿಂದಿನವುಗಳ ಮೇಲೆ ಎರಗಿತು.

ಇನ್ನೊಂದು ತಪ್ಪು ಕಾಲದ ಅಳತೆಯದು. ವಿನ್ಯಾಸಕರು ಹಿಡಿದದ್ದು ಒಂದು ನಿಮಿಷದ ಸರಾಸರಿ ವೇಗವನ್ನು. ಸರಾಸರಿ ಆಳ ನಂಬಿ ಹೊಳೆಗಿಳಿದವನ ಕಥೆ ನಮಗೆ ಗೊತ್ತೇ ಇದೆ. ಗೋಪುರವನ್ನು ಉರುಳಿಸಲು ಕೆಲವೇ ಸೆಕೆಂಡುಗಳ ಬೀಸು ಸಾಕು.

ಇಲ್ಲಿನ ಗಣಿತವೂ ನಿರ್ದಯಿ. ಗಾಳಿ ತಳ್ಳುವಾಗ ಅದಕ್ಕೆ ಎದುರಾದ ಗೋಡೆ ಮೇಲಕ್ಕೆ ಎಳೆಯಲ್ಪಡುತ್ತದೆ. ಗೋಪುರದ ಸ್ವಂತ ಭಾರ ಅದನ್ನು ಕೆಳಗೆ ಹಿಡಿಯುತ್ತದೆ. ಎಳೆತ 100, ಭಾರ 80 ಎಂದಿಟ್ಟುಕೊಳ್ಳಿ: ಒಳಗಿನ ಕಬ್ಬಿಣ ಹೊರಬೇಕಾದ್ದು 20. ವೇಗ ಶೇ. 10ರಷ್ಟು ಏರಿದರೆ ಒತ್ತಡ ಶೇ. 21ರಷ್ಟು ಏರುತ್ತದೆ, ಎಳೆತ 121 ಆಗುತ್ತದೆ, ಕಬ್ಬಿಣದ ಪಾಲು 41. ಗಾಳಿ ಸ್ವಲ್ಪ ಹೆಚ್ಚಿದರೆ ಹೊರೆ ಇಮ್ಮಡಿ!

ದುರಂತದ ನಂತರ ಇಡೀ ಗೋಪುರಗುಚ್ಛದ ಮಾದರಿಯನ್ನೇ ಸುರಂಗದಲ್ಲಿಟ್ಟು ಪರೀಕ್ಷಿಸಿದರು. ಬಿದ್ದವನ್ನು ಮತ್ತೆ ಕಟ್ಟಿದರು, ಉಳಿದವನ್ನು ಬಲಪಡಿಸಿದರು. ನೆರೆಯ ಕಟ್ಟಡಗಳನ್ನು ಬಿಟ್ಟು ದೊಡ್ಡ ಗೋಪುರದ ಗಾಳಿಹೊರೆಯನ್ನು ಅಂದಾಜಿಸಬಾರದೆಂಬ ಎಚ್ಚರ ಅಲ್ಲಿಂದ ಗಟ್ಟಿಯಾಯಿತು. ಆದರೂ 1973ರಲ್ಲಿ ಸ್ಕಾಟ್ಲೆಂಡಿನ ಆರ್ಡೀರ್‌ನಲ್ಲಿ ಇನ್ನೊಂದು ಗೋಪುರ ಬಿತ್ತು, ಅದೂ ಸಾಧಾರಣ ಗಾಳಿಗೆ. ಈ ಸಲ ಕಾರಣ ಗೋಡೆಯ ಆಕಾರದಲ್ಲಿದ್ದ ಉಬ್ಬುತಗ್ಗು. ಮಾದರಿಗಳ ಮೈ ನುಣುಪಾಗಿ, ಓರೆಕೋರೆಯಿಲ್ಲದೆ ಇರುತ್ತದೆ. ಕಟ್ಟಿದ ಗೋಪುರ ಹಾಗಿರುವುದಿಲ್ಲ.

ಫೆರಿಬ್ರಿಡ್ಜ್ ಸ್ಥಾವರ 2016ರಲ್ಲಿ ಮುಚ್ಚಿತು. ಅದರ ಕೊನೆಯ ಮೂರು ಗೋಪುರಗಳನ್ನು 2022ರಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಗಾಳಿಸುರಂಗ 1965ಕ್ಕೆ ಮುಂಚೆಯೂ ಸುಳ್ಳು ಹೇಳಿರಲಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಟ್ಟಿತ್ತು. ನೆರೆಯ ಗೋಪುರಗಳ ಬಗ್ಗೆ ಯಾರೂ ಕೇಳಿರಲಿಲ್ಲ, ಅಷ್ಟೆ.