ಪದ್ಯ, ಅರ್ಥ ಮತ್ತು ಚನ್ನೆಮಣೆ: ಚಲನೆ ಹಾಗೂ ಧ್ವನಿಯಿಂದ ಆಡುವ ಒಗಟಿನಾಟದ ವಿನ್ಯಾಸ

ಗುಂಡಿ ಒತ್ತುವ ಬದಲು ಮೈಚಲನೆಯಿಂದಲೂ ಮಾತಿನಿಂದಲೂ ಆಡುವ ವಿಡಿಯೊ ಗೇಮ್ ಹೊಸದಲ್ಲ. 2006ರಲ್ಲಿ ಬಂದ ನಿಂಟೆಂಡೊ ವೀ ಕೈಯಲ್ಲಿ ಹಿಡಿದ ಸಾಧನದ ಬೀಸನ್ನು ಗುರುತಿಸಿದರೆ, 2010ರಲ್ಲಿ ಬಂದ ಮೈಕ್ರೋಸಾಫ್ಟ್ ಕಿನೆಕ್ಟ್ ಅವಕೆಂಪು ಬೆಳಕಿನಿಂದ ಆಟಗಾರನ ದೂರವನ್ನು ಅಳೆಯುವ ಕ್ಯಾಮೆರಾದ ಜೊತೆಗೆ ನಾಲ್ಕು ಮೈಕ್ರೊಫೋನ್‌ಗಳ ಸಾಲನ್ನೂ ಒಂದೇ ಉಪಕರಣದಲ್ಲಿ ಕೂಡಿಸಿತು. ಆದರೆ ಚಲನೆ ಮತ್ತು ಮಾತು ಎರಡನ್ನೂ ಏಕಕಾಲಕ್ಕೆ ಬಳಸಿದಾಗ ಏದುಸಿರು ಮಾತಿನೊಳಗೆ ಬೆರೆಯುತ್ತದೆ, ಬಾಯಿ ಮೈಕ್ರೊಫೋನಿನಿಂದ ಅತ್ತಿತ್ತ ಸರಿಯುತ್ತದೆ, ಬಿಡಿಸಬೇಕಾದ ಸಮಸ್ಯೆಯ ಮೇಲೆ ನಿಲ್ಲಬೇಕಾದ ಗಮನವೂ ಚದುರುತ್ತದೆ. ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ರಂಗಪರಂಪರೆಯಲ್ಲಿ ಈ ತೊಡಕಿಗೆ ಬಳಕೆಯಲ್ಲಿರುವ ಪರಿಹಾರವೊಂದಿದೆ.

ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡುತ್ತಿರುವಾಗ ವೇಷಧಾರಿ ಚೆಂಡೆ ಮದ್ದಳೆಗಳ ಗತಿಗೆ ಕುಣಿಯುತ್ತಾನೆ. ಪದ್ಯ ಮುಗಿದ ಮೇಲೆ ಕುಣಿತ ನಿಂತು ಅರ್ಥ, ಅಂದರೆ ಪದ್ಯದ ಆಶಯವನ್ನು ಬೆಳೆಸುವ ಆಶುಮಾತು, ಆರಂಭವಾಗುತ್ತದೆ. ತಾಳಮದ್ದಳೆಯಲ್ಲಿ ವೇಷವೂ ಕುಣಿತವೂ ಇಲ್ಲದೆ ಕುಳಿತಲ್ಲಿಂದಲೇ ಅರ್ಥ ಹೇಳಲಾಗುತ್ತದೆ. ಚಲನೆ ಮತ್ತು ಮಾತು ಸರದಿಯಂತೆ ಬರುವ ಈ ಕ್ರಮವನ್ನು ಒಗಟಿನಾಟಕ್ಕೆ ಅಳವಡಿಸಿಕೊಂಡರೆ, ಕೈ ಚಲಿಸುವಾಗ ಮೈಕ್ರೊಫೋನ್ ಮುಚ್ಚಿರಬಹುದು, ಮಾತಿನ ಸರದಿಯಲ್ಲಿ ಕ್ಯಾಮೆರಾ ಕೈಸನ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು.

ಇದಕ್ಕೆ ಒಪ್ಪುವ ವಸ್ತು ಮಲೆನಾಡಿನ ಮನೆಗಳ ಚನ್ನೆಮಣೆ. ಏಳೇಳು ಗುಳಿಗಳ ಎರಡು ಸಾಲಿರುವ ಈ ಮಣೆಯಲ್ಲಿ ಗುಳಿಗೆ 4ರಂತೆ 56 ಹುಣಸೆ ಬೀಜಗಳನ್ನೋ ಗುಲಗಂಜಿಗಳನ್ನೋ ತುಂಬಿ, ಒಂದು ಗುಳಿಯ ಕಾಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗುವುದು ಒಂದು ಪ್ರಚಲಿತ ಕ್ರಮ; ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಕಾಳಿದ್ದರೆ ಅದನ್ನೆತ್ತಿ ಆಟ ಮುಂದುವರಿಸಬೇಕು, ಅದು ಖಾಲಿಯಿದ್ದರೆ ಅದರಾಚೆಯ ಗುಳಿಯ ಕಾಳು ಆಟಗಾರನ ಪಾಲಾಗುತ್ತದೆ. ಮೂರನೆಯ ಗುಳಿಯಲ್ಲಿ 2 ಕಾಳು, ಏಳನೆಯದರಲ್ಲಿ 5 ಕಾಳು ಇದ್ದು ಆರನೆಯದು ಖಾಲಿಯಿರುವ ಸ್ಥಿತಿಯನ್ನು ಪರದೆಯ ಮೇಲೆ ತೋರಿಸಿದರೆ ಅದೇ ಒಂದು ಪುಟ್ಟ ಒಗಟು: ಮೂರನ್ನು ಎತ್ತಿದರೆ ಕಾಳು ನಾಲ್ಕು ಮತ್ತು ಐದಕ್ಕೆ ಬಿದ್ದು ಮುಗಿಯುತ್ತದೆ, ಆರು ಬರಿದಾಗಿರುವುದರಿಂದ ಏಳರ ಐದೂ ಕಾಳು ಕೈಸೇರುತ್ತವೆ. ಆಟಗಾರ ಗುಳಿಯ ಸಂಖ್ಯೆಯನ್ನು ಬಾಯಲ್ಲಿ ಹೇಳಬೇಕು, ಬಳಿಕ ಕಾಳು ಬಿಡುವ ಕೆಲಸವನ್ನು ಕ್ಯಾಮೆರಾದ ಮುಂದೆ ಬೆರಳಿನಿಂದ ನಡೆಸಬೇಕು. ಕೈಯ 21 ಬಿಂದುಗಳನ್ನು ಸಾಮಾನ್ಯ ಕ್ಯಾಮೆರಾದಿಂದಲೇ ಗುರುತಿಸುವ ಗೂಗಲ್‌ನ ಮೀಡಿಯಾಪೈಪ್‌ನಂಥ ತಂತ್ರಾಂಶ ಇರುವುದರಿಂದ ಇದಕ್ಕೆ ಮೊಬೈಲ್ ಸಾಕು. ಆದರೆ ತೊಟ್ಟಿಮನೆಯ ಮಬ್ಬು ಬೆಳಕಿನ ಒಳಕೋಣೆಗಿಂತ ಜಗಲಿಯೇ ಆಟಕ್ಕೆ ಸೂಕ್ತ.

ಹೆಚ್ಚು ಕಠಿಣವಾದದ್ದು ಧ್ವನಿಯ ಭಾಗ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಮತ್ತು ಹೊಸನಗರ ತಾಲ್ಲೂಕಿನ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿದವು. ಮಕ್ಕಳು ಮನೆಯೊಳಗೇ ಆಡುವ ಆ ಮಳೆಗಾಲದಲ್ಲಿ ಹಂಚು ಮತ್ತು ತಗಡಿನ ಮಾಡಿನ ಮೇಲಿನ ನಿರಂತರ ಸದ್ದು ಮೃದುವಾದ ವ್ಯಂಜನಗಳನ್ನು ನುಂಗಿ ಹಾಕುತ್ತದೆ. ಆಗ ‘ಮೂರು’ ಮತ್ತು ‘ಆರು’ ಯಂತ್ರಕ್ಕೆ ಹತ್ತಿರದ ಧ್ವನಿಗಳಾಗುತ್ತವೆ. ಆದರೆ ಮೇಲಿನ ಒಗಟಿನಲ್ಲಿ ಆರನೆಯ ಗುಳಿ ಖಾಲಿಯಾಗಿದ್ದು ಅದನ್ನು ಎತ್ತಲು ಬರುವಂತೆಯೇ ಇಲ್ಲ. ಕಾಳಿರುವ ಗುಳಿಗಳ ಹೆಸರನ್ನಷ್ಟೇ ನಿರೀಕ್ಷಿಸುವಂತೆ ಯಂತ್ರವನ್ನು ರೂಪಿಸಿದರೆ ಆಟದ ನಿಯಮವೇ ಕೇಳುವಿಕೆಯ ತಪ್ಪನ್ನು ತಗ್ಗಿಸುತ್ತದೆ. ವಿನ್ಯಾಸಕಾರರು ದುಬಾರಿ ಮೈಕ್ರೊಫೋನಿಗಿಂತ ಮೊದಲು ಇದನ್ನು ನೆಚ್ಚಬೇಕು.

ಉಚ್ಚಾರದ ವೈವಿಧ್ಯವೂ ಇಲ್ಲಿ ಕಡಿಮೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆಯನ್ನು ಆಧಾರವಾಗಿಟ್ಟುಕೊಂಡು ಮಾತಿನ ಮಾದರಿಗಳನ್ನು ಸಂಗ್ರಹಿಸುವ ಸ್ವಾಗತಾರ್ಹ ಪ್ರಯತ್ನ. ಆದರೂ ಹವ್ಯಕರ, ದೀವರ, ಒಕ್ಕಲಿಗರ ಮನೆಮಾತುಗಳು ಅಕ್ಕಪಕ್ಕದಲ್ಲೇ ಇರುವ ಮಲೆನಾಡಿನ ತಾಲ್ಲೂಕುಗಳಿಗೂ ಬಯಲಿನ ಶಿಕಾರಿಪುರಕ್ಕೂ ಶಿವಮೊಗ್ಗ ಜಿಲ್ಲೆಯೆಂಬ ಒಂದೇ ಅಳತೆ ಸಾಲದು. ಆದ್ದರಿಂದ ಆಟದ ಮೊದಲ ಹಂತವೇ ಒಂದರಿಂದ ಏಳರವರೆಗೆ ಎಣಿಸುತ್ತ ಗುಳಿ ತುಂಬಿಸುವುದಾಗಿದ್ದರೆ, ಆಟಗಾರನ ಉಚ್ಚಾರವನ್ನು ಯಂತ್ರ ಅಲ್ಲಿಯೇ ಕಲಿತುಕೊಳ್ಳಬಹುದು. ಅಷ್ಟಾದರೂ ಮಾತು ಸ್ಪಷ್ಟವಾಗದಿದ್ದಾಗ ಅದನ್ನು ತಪ್ಪು ಉತ್ತರವೆಂದು ಎಣಿಸಿ ಅಂಕ ಕಳೆಯಬಾರದು. ವೇಷಧಾರಿಗೆ ಬೇಕಾದಾಗ ಭಾಗವತರು ಪದ್ಯದ ಸಾಲನ್ನು ಮತ್ತೆ ಎತ್ತಿಕೊಡುವಂತೆ, ಆಟವೂ ಪ್ರಶ್ನೆಯನ್ನು ಪುನಃ ಕೇಳಿ ಸರದಿಯನ್ನು ಆಟಗಾರನಲ್ಲಿಯೇ ಉಳಿಸಬೇಕು.