ತೈವಾನಿನ ಫಾರ್ಮೋಸನ್ ಭಾಷೆಗಳು

ತೈವಾನ್ ಎಂದೊಡನೆ ನಮಗೆ ನೆನಪಾಗುವುದು ಕಂಪ್ಯೂಟರ್ ಚಿಪ್‌ಗಳು. ಭಾಷಾವಿಜ್ಞಾನಿಗಳಿಗೆ ಈ ದ್ವೀಪ ಬೇರೊಂದು ಕಾರಣಕ್ಕೆ ಮುಖ್ಯ. ಮಡಗಾಸ್ಕರಿನಿಂದ ಈಸ್ಟರ್ ದ್ವೀಪದವರೆಗೆ ಹರಡಿರುವ ಆಸ್ಟ್ರೊನೇಷಿಯನ್ ಕುಟುಂಬದಲ್ಲಿ 1200ಕ್ಕೂ ಹೆಚ್ಚು ಭಾಷೆಗಳಿವೆ. ಈ ಕುಟುಂಬದ ತವರು ತೈವಾನ್ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

ಇದನ್ನು ತಿಳಿದದ್ದು ಹೇಗೆ? ಭಾಷೆಯೊಂದು ಒಂದೆಡೆ ಹೆಚ್ಚು ಕಾಲ ನೆಲೆಸಿದಷ್ಟೂ ಅಲ್ಲಿ ಅದರ ಕವಲುಗಳು ಹೆಚ್ಚುತ್ತವೆ. ಅಮೆರಿಕದ ರಾಬರ್ಟ್ ಬ್ಲಸ್ಟ್ 1999ರಲ್ಲಿ ಮಾಡಿದ ವಿಂಗಡಣೆಯಂತೆ ಆಸ್ಟ್ರೊನೇಷಿಯನ್ ಕುಟುಂಬಕ್ಕೆ 10 ಮೂಲ ಕವಲುಗಳು. ಇವುಗಳಲ್ಲಿ 9 ಕವಲುಗಳು ಇರುವುದು ತೈವಾನಿನಲ್ಲೇ. ಅಮಿಸ್, ಅಟಯಲ್, ಪೈವಾನ್, ಬುನುನ್, ರುಕೈ ಮುಂತಾದ ಈ ಭಾಷೆಗಳಿಗೆ ಒಟ್ಟಾಗಿ ಫಾರ್ಮೋಸನ್ ಭಾಷೆಗಳೆಂದು ಹೆಸರು. ಉಳಿದ ದ್ವೀಪಗಳ ಭಾಷೆಗಳೆಲ್ಲ ಹತ್ತನೆಯ ಕವಲಿಗೆ ಸೇರುತ್ತವೆ. ಕವಲುಗಳ ಸಂಖ್ಯೆಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ಹೆಚ್ಚಿನ ವೈವಿಧ್ಯ ತೈವಾನಿನಲ್ಲಿದೆ ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ.

ಒಂದು ಪದವನ್ನು ನೋಡಿ. ಪೈವಾನ್ ಭಾಷೆಯಲ್ಲಿ 'ಲಿಮ' ಎಂದರೆ ಕೈ. ಐದು ಎಂಬ ಅರ್ಥವೂ ಉಂಟು. ಕೈಗೆ ಐದು ಬೆರಳುಗಳಲ್ಲವೇ? ಮಲಯ ಮತ್ತು ಟಗಾಲಾಗ್ ಭಾಷೆಗಳಲ್ಲಿ 'ಲಿಮ' ಎಂದರೆ ಐದು, ಹವಾಯಿಯಲ್ಲಿ ಕೈ. ನ್ಯೂಜಿಲೆಂಡಿನ ಮಾವೊರಿಗಳ 'ರಿಮ' ಕೂಡ ಐದೇ. ಪದಗಳ ಈ ಹೋಲಿಕೆ ಆಕಸ್ಮಿಕವಲ್ಲ. ಸುಮಾರು 4000 ವರ್ಷಗಳ ಹಿಂದೆ ತೈವಾನಿನಿಂದ ಫಿಲಿಪೀನ್ಸಿಗೆ ದೋಣಿಗಳಲ್ಲಿ ಹೊರಟ ಕೃಷಿಕರೊಂದಿಗೆ ಮಾತೂ ಸಾಗಿತು.

ತವರಿನಲ್ಲಿ ಉಳಿದವರ ಕತೆ ಬೇರೆ. 1624ರಲ್ಲಿ ಡಚ್ಚರು ತೈವಾನಿನ ನೈಋತ್ಯ ತೀರಕ್ಕೆ ಬಂದು ನೆಲೆಯೂರಿದರು. ಅವರ ಪಾದ್ರಿಗಳು ಅಲ್ಲಿನ ಸಿರಾಯ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆದರು. 1661ರಲ್ಲಿ ಮತ್ತಾಯನ ಸುವಾರ್ತೆ ಸಿರಾಯದಲ್ಲಿ ಅಚ್ಚಾಯಿತು. ಮರುವರ್ಷ ಡಚ್ಚರು ಹೊರಬಿದ್ದರೂ ಸಿರಾಯ ಜನ ಶತಮಾನಕ್ಕೂ ಹೆಚ್ಚು ಕಾಲ ತಮ್ಮ ಜಮೀನು ಪತ್ರಗಳನ್ನು ಅದೇ ಲಿಪಿಯಲ್ಲಿ ಬರೆದುಕೊಂಡರು. ಚೀನಾದಿಂದ ವಲಸೆ ಹೆಚ್ಚಿದಂತೆ, 19ನೆಯ ಶತಮಾನದಲ್ಲಿ ಸಿರಾಯ ಮಾತು ನಿಂತುಹೋಯಿತು.

1895ರಿಂದ 1945ರವರೆಗೆ ಜಪಾನೀಯರ ಆಳ್ವಿಕೆಯಿತ್ತು. ಅನಂತರ ಶಾಲೆಗಳಲ್ಲಿ ಮ್ಯಾಂಡರಿನ್ ಕಡ್ಡಾಯವಾಯಿತು. ತಾಯ್ನುಡಿಯಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಪಜೆಹ್ ಭಾಷೆಯನ್ನು ನಿರರ್ಗಳವಾಗಿ ಬಲ್ಲ ಕೊನೆಯ ವ್ಯಕ್ತಿ ಪಾನ್ ಜಿನ್-ಯು 2010ರಲ್ಲಿ ತೀರಿಕೊಂಡರು. ಮೂಲನಿವಾಸಿಗಳ ನುಡಿಗಳಿಗೆ ಕಾನೂನಿನ ಮೂಲಕ ರಾಷ್ಟ್ರಭಾಷೆಗಳ ಸ್ಥಾನ ದೊರೆತದ್ದು 2017ರಲ್ಲಿ.

ಅಳಿದ ಭಾಷೆ ಮರಳೀತೇ? ಸಿರಾಯ ಜನ ಪ್ರಯತ್ನಿಸುತ್ತಿದ್ದಾರೆ. ಫಿಲಿಪೀನ್ಸಿನ ಬಿಸಾಯ ಭಾಷಿಕ ಎಡ್ಗರ್ ಮಕಾಪಿಲಿ ಆ ಹಳೆಯ ಸುವಾರ್ತೆಯನ್ನು ಓದಿದಾಗ ಹಲವು ಪದಗಳು ತಮ್ಮ ನುಡಿಯವೇ ಎನಿಸುವಂತಿದ್ದವು. ಅದನ್ನು ಆಧರಿಸಿದ ಅವರ ಪದಕೋಶ 2008ರಲ್ಲಿ ಪ್ರಕಟವಾಯಿತು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿದ ಪದಗಳ ಬಂಧುಗಳು ತವರಿನ ಮರೆತ ಮಾತನ್ನು ಗುರುತಿಸಲು ನೆರವಾದವು. ಈಗ ಮಕ್ಕಳು ಆ ಪದಗಳನ್ನು ಮತ್ತೆ ಕಲಿಯುತ್ತಿದ್ದಾರೆ. ಬರೆದಿಟ್ಟದ್ದರಿಂದ ಸಿರಾಯಕ್ಕೆ ಈ ಅವಕಾಶ ದೊರೆಯಿತು. ದಾಖಲಾಗದೆ ಅಳಿದ ಭಾಷೆಗೆ ಅದೂ ಇಲ್ಲ.